ಸುಣ್ಣದ ಗೆರೆ

"ನಮ್ಮಮ್ಮ ಸತ್ತರೆ ಆ ಸುದ್ದಿ ಇಲ್ಲಿಗೆ ಎಷ್ಟು ದಿನಕ್ಕೆ ಬರುತ್ತೆ, ಅತ್ತೆ?"

ಮದುವೆಯಾಗಿ ಬಂದ ಹನ್ನೊಂದು ವರ್ಷಗಳಲ್ಲಿ ಸೊಸೆ ಎದುರು ನಿಂತು ಆಡಿದ ಮೊದಲ ಮಾತು ಅದು. ಹಿತ್ತಲ ತೊಟ್ಟಿಯಲ್ಲಿ ಸುಣ್ಣ ಕಲಕುತ್ತಿದ್ದ ಅತ್ತೆಯ ಕೈ ಒಂದು ಗಳಿಗೆ ನಿಂತಿತು. ಊರಿಗೆಲ್ಲ ಸುಣ್ಣದಮ್ಮ ಎಂದೇ ಹೆಸರಾಗಿದ್ದ, ಬಾಯಿ ತೆರೆದರೆ ಬೀದಿಯೇ ದಾರಿ ಬಿಡುತ್ತಿದ್ದ ಆ ಹೆಂಗಸು ಇವತ್ತು ಬೈಯಲಿಲ್ಲ. "ಒಲೆ ಮೇಲಿಟ್ಟದ್ದು ಸೀದು ಹೋಗ್ತಿದೆ, ಅದನ್ನ ನೋಡು ಹೋಗು," ಎಂದಷ್ಟೇ ಹೇಳಿ ಮತ್ತೆ ಕಲಕತೊಡಗಿದಳು. ಸೊಸೆ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋದಳು...

ಕಣಿವೆಯ ಬಾಯಿಗೆ ಅಣೆಕಟ್ಟು ಎದ್ದಾಗಿತ್ತು. ಇನ್ನಾರು ತಿಂಗಳಿಗೆ ಹೊಳೆ ಹಿಂದಕ್ಕೆ ತಿರುಗಿ ಕಣಿವೆಯನ್ನೆಲ್ಲ ತುಂಬುತ್ತದೆಂದು ಹೇಳುತ್ತಿದ್ದರು. ನೀರು ಎಲ್ಲಿಯವರೆಗೆ ಬರುತ್ತದೆಂದು ಅಳೆದವರು ಪ್ರತಿ ಮನೆಯ ಗೋಡೆಗೂ ಸುಣ್ಣದ ಗೆರೆ ಎಳೆದು ಹೋಗಿದ್ದರು. ಮುಂಬಾಗಿಲ ಹೊಸ್ತಿಲು ಗೆರೆಗಿಂತ ಕೆಳಗಿದ್ದರೆ ಆ ಮನೆ ಮುಳುಗಡೆ. ಅವರಿಗೆ ಒಂದು ಹಗಲಿನ ದಾರಿಯಾಚೆ ಹೊಸ ಊರಿನಲ್ಲಿ ಮನೆ. ಹೊಸ್ತಿಲು ಮೇಲಿದ್ದರೆ ಏನೂ ಇಲ್ಲ, ಇದ್ದಲ್ಲೇ ಇರಬೇಕು. ಹಾಗೆ ಇದ್ದಲ್ಲೇ ಉಳಿದದ್ದು ಊರಿಗೆಲ್ಲ ಒಂದೇ ಮನೆ, ದಿಬ್ಬದ ಮೇಲೆ ಸುಣ್ಣ ಸುಡುವ ಗೂಡಿನ ಪಕ್ಕದಲ್ಲಿದ್ದ ಇವರದು. ಇಲ್ಲಿ ಗೆರೆ ಅಡಿಗೆಮನೆಯ ಹಿಂದಿನ ಕೊನೆಯ ಮೆಟ್ಟಿಲ ಹತ್ತಿರ, ಗೋಡೆಯ ಬುಡಕ್ಕೇ ನಿಂತುಬಿಟ್ಟಿತ್ತು. ನೀರಿಗೂ ನನ್ನ ಕಂಡರೆ ಭಯ ಎಂದು ಸುಣ್ಣದಮ್ಮ ಬೀದಿಯಲ್ಲಿ ಹೇಳಿಕೊಂಡು ತಿರುಗಿದಳು. ಇದ್ದರೂ ಇರಬಹುದು ಎಂದುಕೊಂಡಳು ಸೊಸೆ.

ಆದರೆ ಸೊಸೆಯ ತಾಯಿಯ ಮನೆ ಹೊಳೆಯ ದಂಡೆಯಲ್ಲೇ ಇತ್ತು. ಬಟ್ಟೆ ಹೊಲಿದು ಒಬ್ಬಳೇ ಮಗಳನ್ನು ಸಾಕಿದ ಆಕೆಗೆ ಈಗ ಸೂಜಿಯ ಕಣ್ಣು ಕಾಣಿಸದು. ಅವಳನ್ನು ಇಲ್ಲಿಗೇ ಕರೆತರಲೇ ಎಂದು ಕೇಳಿದ್ದಕ್ಕೆ, ಒಂದು ಒಲೆಗೆ ಇಬ್ಬರು ಬೀಗತಿಯರು ಬೇಡ ಎಂದಿದ್ದಳು ಅತ್ತೆ. ಹಾಗಾದರೆ ನಾವೇ ಅವರ ಜೊತೆ ಹೋಗೋಣವೆಂದರೆ, ನನ್ನ ಗೂಡು ತಣ್ಣಗಾಗುವುದು ನನ್ನ ಮೈ ತಣ್ಣಗಾದ ಮೇಲೆ ಎಂದಿದ್ದಳು. ಗಂಡನೋ, ತನ್ನ ತಾಯಿಯ ಮುಂದೆ ತುಟಿಪಿಟಕ್ಕೆನ್ನುವವನಲ್ಲ.

ಆ ದಿನಗಳಲ್ಲಿ ಸೊಸೆ ಎಚ್ಚರದಲ್ಲೇ ಕನಸು ಕಾಣುತ್ತಿದ್ದಳು. ಕಸ ಗುಡಿಸುತ್ತಾ ನಿಂತರೆ ಕೆಳಗಿನ ಬೀದಿಯ ತುಂಬ ಹಸಿರು ನೀರು ಸದ್ದಿಲ್ಲದೆ ಏರುತ್ತಿತ್ತು. ತಾಯಿಯ ಕಿಟಕಿಯೊಳಗೆ ಮೀನುಗಳು ಹೋಗಿ ಬರುತ್ತಿದ್ದವು. ನೀರಿನ ತಳದಲ್ಲಿ ಹೊಲಿಗೆ ಯಂತ್ರದ ಚಕ್ರ ತಾನೇ ತಾನಾಗಿ ಮೆಲ್ಲಗೆ ತಿರುಗುತ್ತಿತ್ತು, ಅದರ ಮುಂದೆ ಕೂತ ತಾಯಿ ತಲೆಯೆತ್ತಿ ದಾರ ಪೋಣಿಸಿಕೊಡು ಮಗಳೇ ಎನ್ನುತ್ತಿದ್ದಳು. ಪೊರಕೆ ಹಿಡಿದ ಕೈ ಹಾಗೇ ನಿಂತುಬಿಡುತ್ತಿತ್ತು. ಹೊತ್ತುಗೊತ್ತಿಲ್ಲದ ಹಗಲುಗನಸು ಎಂದು ಅತ್ತೆ ಬೈದಾಗಲೇ ಅವಳು ಮನೆಗೆ ವಾಪಸಾಗುತ್ತಿದ್ದಳು.

ಅತ್ತೆಯನ್ನು ಆ ಮಾತು ಕೇಳಿದ ದಿನ ಅವಳು ತಾಯಿಯ ಸಾಮಾನು ಕಟ್ಟಲು ಮಧ್ಯಾಹ್ನವೇ ಕೆಳಗೆ ಹೋದಳು. ಸಂಜೆ ದಿಬ್ಬ ಹತ್ತಿ ಬರುವಾಗ ಕಣಿವೆಯೆಲ್ಲ ಮಸುಕು. ಆ ಮಸುಕಿನಲ್ಲಿ ತಮ್ಮ ಅಡಿಗೆಮನೆಯ ಹಿಂದಿನ ಮಣ್ಣುಗೋಡೆ ಬುಡದಿಂದ ಸೂರಿನವರೆಗೆ ಬೆಳ್ಳಗೆ ಹೊಳೆಯುತ್ತಿತ್ತು. ಇಷ್ಟು ವರ್ಷ ಬಳಿಯದ ಸುಣ್ಣ ಇವತ್ತು ಯಾಕೆಂದು ಕೇಳಿದರೆ, ನನ್ನ ಗೋಡೆ ನನ್ನ ಸುಣ್ಣ ಎಂಬ ಉತ್ತರ ಬಂತು.

ಬೆಳಿಗ್ಗೆ ಕೊನೆಯ ಪಟ್ಟಿ ಬರೆಯಲು ಹೊಸ ಗುಮಾಸ್ತ ಬಂದ. ಅಳೆದವರು ಬೇರೆ, ಬರೆಯುವವನು ಬೇರೆ. ಅವನು ಮುಂಬಾಗಿಲ ಮುಂದೆ ನಿಂತು ತಲೆ ಕೆರೆದುಕೊಂಡ. ಸೊಸೆಯೂ ಬಂದು ನೋಡಿದಳು. ಹೊಸ್ತಿಲಿನಿಂದ ಒಂದು ಮೊಳ ಮೇಲೆ, ಗೋಡೆಯ ಉದ್ದಕ್ಕೂ ಸುಣ್ಣದ ಗೆರೆ!

"ಅಜ್ಜಿ, ಈ ಮನೆ ಎತ್ತರದಲ್ಲಿದೆಯಲ್ಲ... ಇಲ್ಲಿವರೆಗೂ ನೀರು ಬರುತ್ತಾ?"

"ನನ್ನ ಕೇಳ್ತೀಯೇನಪ್ಪಾ? ಗೆರೆ ಎಳೆದವರು ನಿಮ್ಮೋರು. ಅವರು ಅಳೆದದ್ದು ಸುಳ್ಳು ಅಂತ ಬರಿ, ನಾನೇ ಹೆಬ್ಬೆಟ್ಟು ಒತ್ತುತೀನಿ."

ಆ ನಾಲಗೆಯ ಏಟನ್ನು ಹನ್ನೊಂದು ವರ್ಷ ಒಬ್ಬಳೇ ಉಂಡಿದ್ದ ಸೊಸೆಗೆ ಗುಮಾಸ್ತನ ಮೇಲೆ ಮರುಕ ಬಂತು. ಅವನು ಮುಳುಗಡೆ ಎಂದು ಬರೆದುಕೊಂಡು ಹೋದ. ಅತ್ತೆಯ ಬಲಗೈ ಬೆರಳುಗಳು ಹಸಿ ಸುಣ್ಣಕ್ಕೆ ಬೆಂದು ಕೆಂಪಾಗಿದ್ದವು. ಅದು ಕಣ್ಣಿಗೆ ಬಿದ್ದೊಡನೆ ಸೊಸೆಗೆ ಎಲ್ಲವೂ ತಿಳಿಯಿತು: ಹಿಂದಿನ ಗೆರೆ ಬಿಳಿಗೋಡೆಯೊಳಗೆ ಅಡಗಿತ್ತು, ಮುಂದಿನ ಗೆರೆ ಅತ್ತೆಯ ಕೈಯದು. ಅವಳು ಬಾಯಿ ತೆರೆಯುವ ಮೊದಲೇ ಸುಣ್ಣದಮ್ಮ ಕೊಡ ಎತ್ತಿಕೊಂಡು ಗೂಡಿನ ಕಡೆ ನಡೆದಳು. ತಾನು ಮದುವೆಯಾಗಿ ಬಂದ ದಿನದಿಂದ ಆರದೆ ಉರಿದ ಗೂಡು ಅದು. ನಾಲ್ಕು ಕೊಡ ನೀರು ಸುರಿದಳು. ಹೊಗೆ ಕಣ್ಣಿಗೆ ಹೋಯಿತೆಂದು ಸೆರಗಿನಿಂದ ಬಹಳ ಹೊತ್ತು ಕಣ್ಣೊರೆಸಿಕೊಂಡಳು...

ಹೊಸ ಊರಿನಲ್ಲಿ ಎಲ್ಲ ಮನೆಗಳೂ ಒಂದೇ ಅಚ್ಚಿನವು. ಬೀಗತಿಯರಿಬ್ಬರದೂ ಅಕ್ಕಪಕ್ಕದ ಬಾಗಿಲು. ಗೂಡು ಹಾಕಲು ಜಾಗವಿಲ್ಲದೆ ಸುಣ್ಣದಮ್ಮ ದಿನವಿಡೀ ಜಗುಲಿಯಲ್ಲಿ ಕೂತು, ಸುಣ್ಣದ ಬಿಳಿ ಹೋಗುತ್ತಿದ್ದ ಉಗುರುಗಳನ್ನು ನೋಡಿಕೊಳ್ಳುತ್ತಿದ್ದಳು. ವರ್ಷ ತುಂಬಿದ ಮೇಲೆ ಒಂದು ಮಧ್ಯಾಹ್ನ, ಕಣಿವೆಯ ನೀರಿನಲ್ಲಿ ಬಲೆ ಬೀಸಿ ಬಂದ ಮೀನಿನವನು ಅವಳ ಮುಂದೆ ನಿಂತ.

"ಸುಣ್ಣದಮ್ಮಾ, ನಿಮ್ಮ ಮನೆ ಹಂಗೇ ನಿಂತಿದೆ! ನೀರು ಅಡಿಗೆಮನೆ ಕೊನೇ ಮೆಟ್ಟಿಲಿಗೆ ಬಂದು ನಿಂತುಬಿಟ್ಟಿದೆ. ಬಿಳೀ ಗೋಡೆ ನೀರೊಳಗೂ ಕಾಣುತ್ತೆ, ಎರಡು ಮನೆ ಇದ್ದ ಹಂಗೆ."

ಅವನು ಹೋದ ಮೇಲೆ ಸೊಸೆ ಅತ್ತೆಯ ಪಕ್ಕದಲ್ಲಿ ಕುಸಿದು ಕೂತಳು. ಒಂದು ವರ್ಷ ತಡೆದಿಟ್ಟ ಅಳು ಒಮ್ಮೆಲೇ ಒಡೆದು ಬಂತು.

"ಯಾಕತ್ತೆ... ಯಾಕೆ ಹಾಗೆ ಮಾಡಿದ್ರಿ?"

ಸುಣ್ಣದಮ್ಮ ದೂರದ ದಾರಿಯನ್ನೇ ನೋಡುತ್ತಿದ್ದಳು.

"ಒಂಬತ್ತು ದಿನ ಕಣೆ. ನಮ್ಮಮ್ಮ ಹೋದ ಸುದ್ದಿ ನನಗೆ ಬರೋಕೆ ಒಂಬತ್ತು ದಿನ ಹಿಡಿದಿತ್ತು. ನೀನವತ್ತು ಕೇಳಿದಾಗ ಹೇಳೋಕೆ ಬಾಯಿ ಬರಲಿಲ್ಲ."

ಪಕ್ಕದ ಮನೆಯಿಂದ ತಾಯಿ ಮಗಳೇ ಎಂದು ಕರೆದಳು.

"ಏಳು, ಕಣ್ಣೊರೆಸ್ಕೊ. ನಿಮ್ಮಮ್ಮ ಆಗಿಂದ ಕೂಗ್ತಿದ್ದಾಳೆ. ಸೂಜಿಗೆ ದಾರ ಪೋಣಿಸಿಕೊಟ್ಟು ಬಾ."