ಹತ್ತೂ ಹೆಬ್ಬೆರಳಿನ ಅಳತೆ

ಬೆಳಿಗ್ಗೆ ಏಳು ನಲವತ್ತಕ್ಕೆ ಬಸ್ ನಿಲ್ದಾಣದ ಠಾಣೆಗೆ ಬಂದ ಮನುಷ್ಯ ಇಸ್ತ್ರಿ ಕೆಡದ ಅಂಗಿ ತೊಟ್ಟಿದ್ದ. ತಾಯಿ ಸತ್ತ ಸುದ್ದಿ ಕೇಳಿ ಅವನಿಗಿನ್ನೂ ಒಂದು ಗಂಟೆಯೂ ಆಗಿರಲಿಲ್ಲ. ಕುರ್ಚಿ ಎಳೆದು ಕೂತವನೇ, "ಕೊಲೆ ಕೇಸ್ ಬರ್ಕೊಳ್ಳಿ. ನಮ್ಮಮ್ಮನ್ನ ನಮ್ಮಕ್ಕನೇ ಕೊಂದಿದ್ದಾಳೆ" ಎಂದ.

ಹೆಡ್ ಕಾನ್‌ಸ್ಟೇಬಲ್ ಪೆನ್ನಿನ ಮುಚ್ಚಳ ತೆಗೆದು ಮೊದಲು ಗೋಡೆ ಗಡಿಯಾರ ನೋಡಿದರು. ಯಾವ ಕಾಗದ ಸಿಕ್ಕರೂ ಮೊದಲು ವೇಳೆ ಬರೆಯುವುದು ಅವರ ಅಭ್ಯಾಸ. ಹಾಗಾಗಿ ಠಾಣೆಯಲ್ಲಿ ಅವರಿಗೆ 'ಟೈಮ್ ಮಾಮ' ಎಂಬ ಹೆಸರು ಅಂಟಿಕೊಂಡಿತ್ತು. ಇನ್‌ಸ್ಪೆಕ್ಟರ್ ಮೇಡಂ ಕೂಡ ಹಾಗೆಯೇ ಕರೆಯುತ್ತಿದ್ದರು.

"ತಾಯಿಗೆ ವಯಸ್ಸೆಷ್ಟು?" ಇನ್‌ಸ್ಪೆಕ್ಟರ್ ಕೇಳಿದರು.

"ಎಪ್ಪತ್ತಾರು."

"ಕಾಯಿಲೆ ಏನಾದ್ರೂ?"

"ಮೊದಲು ಉಬ್ಬಸ ಇತ್ತು. ಈಗ ಏನೂ ಇರ್ಲಿಲ್ಲ. ಭಾನುವಾರ ವಿಡಿಯೋ ಕಾಲಲ್ಲಿ ನಾನೇ ನೋಡಿದೀನಿ. ತುಟಿಗೆ ಲಿಪ್‌ಸ್ಟಿಕ್, ಉಗುರಿಗೆಲ್ಲ ಗುಲಾಬಿ ಬಣ್ಣ, ಮದುವೆ ಹೆಣ್ಣಿನ ಥರ ಕೂತಿದ್ರು. ಅಂಥವರು ರಾತ್ರಿ ಬಸ್ ಹತ್ತಿ ಬೆಳಿಗ್ಗೆ ಹೆಣವಾಗಿ ಇಳೀತಾರಾ?"

"ಅಕ್ಕ ಯಾಕೆ ಕೊಲ್ಲಬೇಕು?"

"ಅವಳಿಗೆ ಸಾಕಾಗಿತ್ತು. ಫೋನ್ ಮಾಡಿದಾಗಲೆಲ್ಲ ಅದೇ ರಾಗ, ನಂಗಾಗಲ್ಲ, ನಂಗಾಗಲ್ಲ ಅಂತ."

"ತಾಯಿ ಅಕ್ಕನ ಹತ್ರ ಎಷ್ಟು ವರ್ಷದಿಂದ ಇದ್ರು?"

ಅವನು ತಲೆ ಎತ್ತಿ ಫ್ಯಾನು ನೋಡಿದ. "ಒಂಬತ್ತೋ ಹತ್ತೋ ಇರ್ಬೇಕು. ಯಾರು ಲೆಕ್ಕ ಇಟ್ಟಿದ್ದಾರೆ?"

ಟೈಮ್ ಮಾಮ ದೂರು ಬರೆದುಕೊಂಡರು. ಕೊಲೆ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು. ಸಹಿ ಹಾಕುವಾಗ ಅವನು ಕೇಳಿದ ಒಂದೇ ಪ್ರಶ್ನೆ, ಮಧ್ಯಾಹ್ನದೊಳಗೆ ಎಲ್ಲ ಮುಗಿಯುತ್ತದೆಯೇ ಎಂದು.

ಸ್ಲೀಪರ್ ಬಸ್ಸು ಮೂರನೇ ಪ್ಲಾಟ್‌ಫಾರಂನಲ್ಲಿ ನಿಂತಿತ್ತು. ಉಳಿದ ಪ್ರಯಾಣಿಕರು ಇಳಿದು ಹೋಗಿದ್ದರು. ಕೆಳಗಿನ ಬರ್ತಿನಲ್ಲಿ ಮುದುಕಿ ಗೋಡೆಗೆ ಒರಗಿ ಮಲಗಿದಂತಿದ್ದಳು. ಅಂಚಿನಲ್ಲಿ ಕೂತಿದ್ದ ಮಗಳಿಗೆ ಐವತ್ತು ದಾಟಿತ್ತು. ತಾಯಿಯ ಕೈ ಹಿಡಿದೇ ಇದ್ದಳು. ಅಳುತ್ತಿರಲಿಲ್ಲ. ಅಳುವುದಕ್ಕೂ ತ್ರಾಣ ಬೇಕು, ಅದು ಅವಳಲ್ಲಿ ಉಳಿದಿರಲಿಲ್ಲ.

ಇಬ್ಬರು ಅಂಗಡಿಯವರನ್ನು ಪಂಚರಾಗಿ ಕರೆದು ಪಂಚನಾಮೆ ಶುರುವಾಯಿತು. ಮೈಮೇಲೆ ಗಾಯವಿಲ್ಲ, ಕುತ್ತಿಗೆಯಲ್ಲಿ ಗುರುತಿಲ್ಲ. ತುಟಿಗೆ ದಟ್ಟ ಬಣ್ಣ. ಬೆರಳುಗಳಿಗೆ ಅಂಟಿಸುವ ಗುಲಾಬಿ ಉಗುರುಗಳು. ಬಲಗೈಯ ಉಂಗುರದ ಬೆರಳು ಮಾತ್ರ ಬೋಳು. ಅಲ್ಲಿದ್ದ ಅಸಲಿ ಉಗುರು ಸೌಟಿನ ಬೆನ್ನಿನಂತೆ ಉಬ್ಬಿ ಬಾಗಿತ್ತು, ಬಣ್ಣ ಶಾಯಿ ಚೆಲ್ಲಿದಂತೆ ನೀಲಿ.

"ಸತ್ತ ಮೇಲೆ ಎಲ್ಲರ ಉಗುರೂ ಹಾಗೇ ಆಗುತ್ತೆ ಮೇಡಂ" ಎಂದರು ಟೈಮ್ ಮಾಮ.

"ಬಣ್ಣ ಆಗ್ಬಹುದು ಮಾಮ, ಆಕಾರ ಬದಲಾಗುತ್ತಾ?"

ಇನ್‌ಸ್ಪೆಕ್ಟರ್ ಬಗ್ಗಿ ಒಂದೊಂದೇ ಬೆರಳು ನೋಡಿದರು. ಈ ಉಗುರುಗಳ ವಿದ್ಯೆ ಅವರಿಗೆ ಹೊಸದಲ್ಲ. ಸಮವಸ್ತ್ರದಲ್ಲಿ ಉಗುರು ಬೆಳೆಸುವಂತಿಲ್ಲ, ಬಣ್ಣ ಹಚ್ಚುವಂತಿಲ್ಲ. ವರ್ಷಕ್ಕೊಮ್ಮೆ ರಜೆ ಹಾಕಿ ಊರು ಸುತ್ತಲು ಹೊರಟಾಗ ರೈಲಿನಲ್ಲಿ ಕೂತು ಹತ್ತೂ ಬೆರಳಿಗೆ ಅಂಟಿಸಿಕೊಳ್ಳುತ್ತಿದ್ದರು. ವಾಪಸು ಬರುವಾಗ ಸೋಪಿನ ಬಿಸಿನೀರಲ್ಲಿ ಕೈ ಅದ್ದಿ ಕಿತ್ತು ಡಬ್ಬಿಗೆ ಹಾಕುತ್ತಿದ್ದರು. ಒಂದು ಸಲ ಕಿರುಬೆರಳಿನದೊಂದು ಮರೆತು ಹಾಗೆಯೇ ಡ್ಯೂಟಿಗೆ ಬಂದಿದ್ದರು. ಅದನ್ನು ಟೈಮ್ ಮಾಮ ಇವತ್ತಿಗೂ ಆಡಿಕೊಳ್ಳುತ್ತಾರೆ. ಒಂದು ಪ್ಯಾಕೆಟ್ಟಿನಲ್ಲಿ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಅಳತೆಗೆ ಎರಡೆರಡು ಉಗುರು ಇರುತ್ತವೆ. ಇಲ್ಲಿ ಕಿರುಬೆರಳಿಗೂ ಹೆಬ್ಬೆರಳಿನ ಅಳತೆಯದೇ ಕೂತಿತ್ತು.

"ಉಗುರು ಹಾಕಿದ್ದು ಯಾರು?"

"ನಾನೇ" ಎಂದಳು ಮಗಳು.

"ಯಾಕೆ?"

"ಊರಿಗೆ ಹೊರಟಿದ್ದೀವಲ್ಲ, ಚೆನ್ನಾಗಿ ಕಾಣ್ಲಿ ಅಂತ."

"ಈ ಬೆರಳಿಂದು ಎಲ್ಲಿ?"

"ಎಲ್ಲೋ ಬಿದ್ದಿರ್ಬೇಕು."

ಅವಳ ಚೀಲ ತೆರೆಸಿದರು. ಎರಡು ಸೀರೆ, ಮಾತ್ರೆಗಳ ಡಬ್ಬಿ, ಒಂದು ಲಿಪ್‌ಸ್ಟಿಕ್, ಆರು ಪ್ಯಾಕೆಟ್ ಉಗುರು. ಐದು ಒಡೆದಿದ್ದವು, ಐದರಲ್ಲೂ ದೊಡ್ಡ ಜೋಡಿ ಮಾತ್ರ ಖಾಲಿ. ಆರನೆಯದು ಒಡೆದಿರಲಿಲ್ಲ, ದಾರಿಯಲ್ಲಿ ಬಿದ್ದರೆ ಇರಲಿ ಎಂದು ತಂದದ್ದು. ಅಂಟಿಸಲು ಗೋಂದಿನ ಪಟ್ಟಿಗಳಿದ್ದವು. ಅಂಟಿನ ಬಾಟಲಿ ಒಂದರಲ್ಲೂ ಇರಲಿಲ್ಲ. ಅಂದವೇ ಬೇಕಿದ್ದರೆ ಯಾರೂ ಹೀಗೆ ಐದು ಪ್ಯಾಕೆಟ್ ಒಡೆಯುವುದಿಲ್ಲ ಎಂದುಕೊಂಡರು ಇನ್‌ಸ್ಪೆಕ್ಟರ್. ಎಲ್ಲವನ್ನೂ ಜಪ್ತಿ ಮಾಡಿ ಅವಳಿಂದ ಸಹಿ ಹಾಕಿಸಿಕೊಂಡರು. ಸಹಿ ಹಾಕುವಾಗ ಕಾಗದ ಜಾರಿತು, ಆದರೂ ಅವಳು ಎಡಗೈ ಊರಿ ಹಿಡಿಯಲಿಲ್ಲ. ಆ ಕೈ ಮುಷ್ಟಿಯಾಗಿಯೇ ಇತ್ತು. ಇನ್‌ಸ್ಪೆಕ್ಟರ್ ಅದನ್ನು ಗಮನಿಸಿದರು.

ಕಂಡಕ್ಟರ್ ಎರಡು ಸಲ ನೀರು ಕುಡಿದು ಬಾಯಿಬಿಟ್ಟ. "ಊಟಕ್ಕೆ ನಿಲ್ಲಿಸಿದಾಗ ಅಜ್ಜಿಗೆ ಏದುಸಿರು ಬರ್ತಿತ್ತು ಮೇಡಂ. ನಂಗೇ ಭಯ ಆಯ್ತು. ಹೋಟ್ಲು ಪಕ್ಕದಲ್ಲೇ ಕ್ಲಿನಿಕ್ ಇತ್ತು, ನಾನೇ ಕೈ ಹಿಡಿದು ಕರ್ಕೊಂಡ್ ಹೋದೆ. ನರ್ಸ್ ನೋಡಿ ಕಳಿಸಿದ್ರು. ಅವರೇ ಕಳಿಸಿದ ಮೇಲೆ ನಾನ್ಯಾರು?"

ನರ್ಸನ್ನು ಜೀಪು ಕಳಿಸಿ ಕರೆಸಿದರು. ರಾತ್ರಿ ಪಾಳಿ ಮುಗಿಸಿದ ಬಟ್ಟೆಯಲ್ಲೇ ಬಂದಳು.

"ಬೆರಳಿಗೆ ಆಕ್ಸಿಜನ್ ನೋಡೋ ಮಷೀನ್ ಹಾಕ್ದೆ. ನಂಬರ್ ಬರ್ಲಿಲ್ಲ. ಆ ಉಗುರಿದ್ರೆ ಬರಲ್ಲ. ಒಂದಾದ್ರೂ ತೆಗೀರಿ ಅಂದೆ."

"ಮಗಳು ಏನಂದ್ಲು?"

"ಗಟ್ಟಿ ಅಂಟು, ಕಿತ್ತರೆ ಚರ್ಮಾನೇ ಬರುತ್ತೆ ಅಂದ್ರು. ಅಮ್ಮಂಗೆ ಬಸ್ ಹತ್ತಿದ್ರೆ ಯಾವಾಗ್ಲೂ ಹೀಗೇ ಅಂದ್ರು. ತುಟಿ ನೋಡಿದ್ರೆ ಕೆಂಪಗಿತ್ತು. ಹೊರಗಡೆ ಹಾರನ್ ಮೇಲೆ ಹಾರನ್." ಆಮೇಲೆ ಅವಳೇ ಹೇಳಿದಳು, "ಕಾಲ್ಬೆರಳಿಗೆ ಹಾಕಿ ನೋಡ್ಬಹುದಿತ್ತು ಮೇಡಂ. ಆ ಹೊತ್ತಿಗೆ ತಲೆಗೇ ಹೊಳೀಲಿಲ್ಲ."

ಟೈಮ್ ಮಾಮ ಅದನ್ನೂ ಬರೆದುಕೊಂಡರು. ಆ ಸಾಲು ತನ್ನ ನೌಕರಿಗೆ ಕುತ್ತು ತರಬಹುದೆಂದು ಅವಳಿಗೆ ತಿಳಿದಿತ್ತು, ಆದರೂ ಓದಿ ಸಹಿ ಹಾಕಿದಳು.

ಮಧ್ಯಾಹ್ನ ಎರಡಕ್ಕೆ ಶವಪರೀಕ್ಷೆ ಮುಗಿಯಿತು. ವೈದ್ಯರು ಕೈಗವಸು ಕಳಚುತ್ತಾ ಹೇಳಿದರು. "ವಿಷದ ಲಕ್ಷಣ ಇಲ್ಲ, ಹಿಂಸೆ ಇಲ್ಲ. ಶ್ವಾಸಕೋಶ ಪೂರ್ತಿ ಹೋಗಿದೆ. ಬೆರಳ ತುದಿ ಹೀಗೆ ಊದಿ ಉಗುರು ಬಾಗೋಕೆ ವರ್ಷಗಟ್ಟಲೆ ಬೇಕು. ಮನೇಲಿ ಆಕ್ಸಿಜನ್ ಮಷೀನ್ ಮೇಲೇ ಬದುಕಿದ್ದವರು ಇವರು. ಬಣ್ಣದ ಕೆಳಗಿನ ಆ ನೀಲಿ ತುಟಿ, ಉಗುರು ನೋಡಿದ್ರೆ ಯಾವ ಬಸ್ಸಿನವನೂ ಹತ್ತಿಸ್ಕೊಳ್ತಿರ್ಲಿಲ್ಲ."

"ಆ ಕ್ಲಿನಿಕ್‌ನಲ್ಲಿ ಇಳಿಸಿಕೊಂಡಿದ್ರೆ?"

"ಉಳೀತಿದ್ರು ಅಂತ ಬರೆದು ಕೊಡೋಕಾಗಲ್ಲ. ಉಳೀತಿರ್ಲಿಲ್ಲ ಅಂತಲೂ ಬರೆಯಲ್ಲ."

ಮೂರು ಗಂಟೆಗೆ ಮಗಳನ್ನು ವಿಚಾರಣೆಗೆ ಕೂರಿಸಿದರು. ಮಹಿಳಾ ಕಾನ್‌ಸ್ಟೇಬಲ್ ಬಾಗಿಲ ಬಳಿ ನಿಂತಳು. ಇನ್‌ಸ್ಪೆಕ್ಟರ್ ಒಡೆಯದೆ ಉಳಿದಿದ್ದ ಆರನೇ ಪ್ಯಾಕೆಟ್ಟನ್ನು ಪಂಚರೆದುರು ತೆರೆದರು. ಗೋಂದಿನ ಪಟ್ಟಿ ಹಚ್ಚಿ ಒಂದು ಉಗುರನ್ನು ತಮ್ಮ ಹೆಬ್ಬೆರಳಿಗೆ ಒತ್ತಿ, ಸ್ವಲ್ಪ ಹೊತ್ತು ಬಿಟ್ಟು ಎಳೆದರು. ಸುಲಭವಾಗಿ ಬಂತು.

"ಚರ್ಮ ಬರ್ಲಿಲ್ಲ" ಎಂದರು.

ಅವಳು ಎಡಗೈಯನ್ನು ಮಡಿಲಿಗೆ ಎಳೆದುಕೊಂಡಳು.

"ಎಡಗೈ ಬಿಚ್ಚಿ."

ಬಿಚ್ಚಿದಳು. ಗುಲಾಬಿ ಉಗುರು ಅಂಗೈಗೆ ಕಚ್ಚಿ ಗುರುತು ಮೂಡಿಸಿತ್ತು.

"ಇದನ್ನ ಯಾವಾಗ ಕಿತ್ರಿ?"

"ಬೆಳಗಾಗೋಕೆ ಮುಂಚೆ, ದೊಡ್ಡ ಸೇತುವೆ ಬಂದಾಗ. ಅಮ್ಮ ಮಾತು ನಿಲ್ಲಿಸಿ ತುಂಬಾ ಹೊತ್ತಾಗಿತ್ತು. ಕತ್ಲೇಲಿ ಮೊಬೈಲ್ ಬೆಳಕು ಬಿಟ್ಟು ನೋಡ್ದೆ."

"ಆಗ ಯಾಕೆ ಕೂಗ್ಲಿಲ್ಲ?"

"ಏನಂತ ಕೂಗ್ಲಿ ಮೇಡಂ?"

"ಕ್ಲಿನಿಕ್‌ನಲ್ಲಿ ಕಿತ್ತಿದ್ರೆ?"

"ಗೊತ್ತು. ಅಲ್ಲೇ ಇಳಿಸ್ಕೊಳ್ತಿದ್ರು. ಎರಡು ದಿನ ಬಿಟ್ಟು ವಾಪಸ್ ನಮ್ಮನೆಗೇ ಕಳಿಸ್ತಿದ್ರು. ಅರ್ಧ ದಾರಿ ಬಂದಾಗಿದೆ, ಹೇಗಾದ್ರೂ ತಮ್ಮನ ಬಾಗಿಲು ಮುಟ್ಟಿಸಿಬಿಟ್ರೆ ಸಾಕು ಅನ್ಕೊಂಡೆ."

"ತಾಯಿಗೆ ಇದೆಲ್ಲ ಗೊತ್ತಿತ್ತಾ?"

"ಕೈ ಚಾಚಿದ್ದೇ ಅಮ್ಮ. ಮಗ ನೋಡಿ ಹೆದರಬಾರ್ದು, ಒಂದೂ ಬೀಳದ ಹಾಗೆ ಅಂಟಿಸು ಅಂದ್ರು. ಸಣ್ಣ ಅಳತೆ ಯಾವುದೂ ಕೂರ್ಲಿಲ್ಲ. ನಿನ್ನ ಬೆರಳೆಲ್ಲ ಹೆಬ್ಬೆರಳೇ ಆಗಿದೆಯಲ್ಲಮ್ಮ ಅಂದೆ. ಇಬ್ರೂ ನಕ್ವಿ. ಎಷ್ಟು ತಿಂಗಳಾಗಿತ್ತೋ ನಕ್ಕು."

"ತಮ್ಮನ ಮನೇಲಿ ಬಿಟ್ಟು ಏನ್ ಮಾಡೋರಿದ್ರಿ?"

"ನಿದ್ದೆ."

ಇನ್‌ಸ್ಪೆಕ್ಟರ್ ನೀರಿನ ಲೋಟವನ್ನು ಅವಳ ಕಡೆ ಸರಿಸಿದರು.

"ರಾತ್ರಿ ಆ ಮಷೀನ್ ಎರಡು ಗಂಟೆಗೊಂದ್ಸಲ ಕೂಗುತ್ತೆ ಮೇಡಂ. ಪೈಪ್ ಮಡಚಿಕೊಂಡ್ರೆ ಕೂಗುತ್ತೆ, ಕರೆಂಟ್ ಹೋದ್ರೆ ಕೂಗುತ್ತೆ. ಅದು ಕೂಗದಿದ್ರೆ ಅಮ್ಮ ಕೂಗ್ತಾರೆ. ಒಂದು ತಿಂಗಳು ಇಟ್ಕೋ, ಒಂದೇ ತಿಂಗಳು ಅಂತ ಅವನ ಕಾಲಿಗೆ ಬಿದ್ದಿದ್ದೆ."

ತಮ್ಮನನ್ನು ಒಳಗೆ ಕರೆದರು. ಅವನು ಅಕ್ಕನ ಕಡೆ ನೋಡಲಿಲ್ಲ.

"ತಾಯೀನ ಕರ್ಕೊಂಡ್ ಬಾ ಅಂತ ನೀವು ಹೇಳಿದ್ರಾ?"

"ಬಸ್ಸಲ್ಲಿ ಕೂತ್ಕೊಂಡು ಬರೋ ಹಾಗಿದ್ರೆ ಕರ್ಕೊಂಡ್ ಬಾ ಅಂದಿದ್ದೆ. ಹಾಸಿಗೆ ಹಿಡಿದವರನ್ನ ನೋಡ್ಕೊಳ್ಳೋಕೆ ನಮ್ಮನೇಲಿ ಯಾರಿದ್ದಾರೆ? ಹುಷಾರಾಗಿದ್ದಾರಾ ತೋರಿಸು ಅಂದೆ, ತೋರಿಸಿದ್ಲು. ನಾನು ನಂಬಿದೆ. ಅದರಲ್ಲಿ ನನ್ನ ತಪ್ಪೇನಿದೆ?"

"ಎಪ್ಪತ್ತಾರು ವರ್ಷದ ತಾಯಿ, ಯಾವತ್ತೂ ಇಲ್ಲದ್ದು ಲಿಪ್‌ಸ್ಟಿಕ್ ಹಚ್ಕೊಂಡು ಕೂತಿದ್ರೆ ಯಾಕೆ ಅಂತ ಕೇಳ್ಲಿಲ್ವಾ?"

"ಕೇಳಿದ್ರೆ ಏನಾಗ್ತಿತ್ತು?"

ಅವನು ಕೇಳದಿರಲು ಕಾರಣ ಆ ಮಾತಿನಲ್ಲೇ ಇತ್ತು. ಆದರೆ ಅದಕ್ಕೆ ಕಾನೂನಿನಲ್ಲಿ ಸೆಕ್ಷನ್ ಇಲ್ಲ. ಕಣ್ಣಿದ್ದೂ ನೋಡದವನು ಸಂಜೆಗೆ ಮನೆಗೆ ಹೋಗುತ್ತಾನೆ, ನೋಡಿ ನೋಡಿ ಸೋತವಳು ಒಳಗೆ ಕೂರುತ್ತಾಳೆ. ಇದು ಇನ್‌ಸ್ಪೆಕ್ಟರಿಗೆ ಹೊಸದಲ್ಲ.

ಕೊಲೆ ಆರೋಪ ಕೈಬಿಟ್ಟು, ನಿರ್ಲಕ್ಷ್ಯದಿಂದ ಸಾವಿಗೆ ಕಾರಣಳಾದ ಆರೋಪ ಸೇರಿಸುವಂತೆ ನ್ಯಾಯಾಲಯಕ್ಕೆ ವರದಿ ಸಿದ್ಧವಾಯಿತು. ನಾಲ್ಕು ಹತ್ತಕ್ಕೆ ಬಂಧನ. ಜಾಮೀನು ನಿಲ್ಲುವವರು ಯಾರೂ ಇರಲಿಲ್ಲ. ತಮ್ಮನಿಗೆ ಶವ ಕೊಡುವ ಕಾಗದವೂ ಅದೇ ಮೇಜಿನ ಮೇಲೆ ತಯಾರಾಯಿತು.

"ಉಗುರು ತೆಗೆಸಿ ಕೊಡ್ತೀರಾ?" ಎಂದು ಕೇಳಿದ ಅವನು. "ನೆಂಟರು ನೋಡಿದ್ರೆ ಏನಂತಾರೆ?"

"ಆಸ್ಪತ್ರೆಯಲ್ಲಿ ತೆಗೆದಿದ್ದಾರೆ" ಎಂದರು ಟೈಮ್ ಮಾಮ. "ಈಗ ಎಲ್ಲ ಕಾಣುತ್ತೆ, ಹೋಗಿ ನೋಡಿ."

ಮಹಿಳಾ ಲಾಕಪ್ಪಿನಲ್ಲಿ ಅವಳೊಬ್ಬಳೇ. ಕಾನ್‌ಸ್ಟೇಬಲ್ ಕೊಟ್ಟ ಕಂಬಳಿ ಮಡಚಿ ತಲೆಗಿಟ್ಟುಕೊಂಡು ಮಲಗಿದವಳಿಗೆ ಕ್ಷಣದಲ್ಲಿ ನಿದ್ದೆ ಹತ್ತಿತು. ಹೊರಗೆ ಬಸ್ಸುಗಳ ಹಾರನ್, ಒಳಗೆ ವೈರ್‌ಲೆಸ್ಸಿನ ಗೊರಗೊರ, ಯಾವುದಕ್ಕೂ ಅವಳು ಅಲುಗಲಿಲ್ಲ. ಇನ್‌ಸ್ಪೆಕ್ಟರ್ ಎರಡು ಸಲ ಬಂದು ನೋಡಿ ಹೋದರು. ದಿನಚರಿ ಬರೆಯುತ್ತಿದ್ದ ಟೈಮ್ ಮಾಮ ದನಿ ತಗ್ಗಿಸಿ, "ಕೊನೆಗೂ ಸಿಕ್ತು ಬಿಡಿ ಪಾಪ" ಎಂದರು.

ಆರೂಕಾಲರ ಹೊತ್ತಿಗೆ ಅವಳು ಗಡಬಡಿಸಿ ಎದ್ದಳು. "ಬಂದೆ ಅಮ್ಮಾ, ಬಂದೆ" ಎನ್ನುತ್ತಾ ಗೋಡೆಗೆ ಹೋಗಿ ಸ್ವಿಚ್ಚು ತಡಕಾಡಿದಳು.

"ಯಾರೂ ಕರೀಲಿಲ್ಲ" ಎಂದರು ಇನ್‌ಸ್ಪೆಕ್ಟರ್ ಸರಳುಗಳ ಆಚೆಯಿಂದ. "ಮಲಕ್ಕೊಳ್ಳಿ."

ಅವಳು ಸುತ್ತ ನೋಡಿದಳು. ಎಲ್ಲಿದ್ದೇನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕಂಬಳಿಯ ಮೇಲೆ ಕೂತಳು.

"ಅಭ್ಯಾಸ ಮೇಡಂ" ಎಂದಳು. ಮತ್ತೆ ಮಲಗಲಿಲ್ಲ.