ಹಿಂದೆ ನಿಂತವಳ ದನಿ

"ಯಾರೋ ಒಬ್ಬರು ಶ್ರುತಿ ಬಿಟ್ಟು ಹಾಡ್ತಿದ್ದೀರಿ" ಎಂದು ದಮಯಂತಿ ಟೀಚರ್ ಹಾರ್ಮೋನಿಯಂ ನಿಲ್ಲಿಸಿದಾಗ, ಮುಂಬಯಿ ಬಳಿಯ ಡೊಂಬಿವಲಿ ಕನ್ನಡ ಸಂಘದ ಪುಟ್ಟ ಹಾಲಿನಲ್ಲಿದ್ದ ಹೆಂಗಸರೆಲ್ಲ ಪ್ರೇಕ್ಷಾಳ ಕಡೆ ತಿರುಗಿದರು.

ಇಪ್ಪತ್ತೇಳರ ಪ್ರೇಕ್ಷಾ ಕಲ್ಯಾಣದ ಒಂದು ದಂತ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಭಜನೆಗೆ ಬರುತ್ತಿದ್ದದ್ದು ಅಮ್ಮನ ಒತ್ತಾಯಕ್ಕೆ. ನಾಚಿಕೆಯಿಂದ ಅವಳ ಮುಖ ಬಿಸಿಯಾಯಿತು.

"ಅವರು ತಪ್ಪು ಹಾಡಿಲ್ಲ ಟೀಚರ್." ಮೂಲೆಯಲ್ಲಿ ಮೈಕಿನ ವಯರು ಸುತ್ತುತ್ತಿದ್ದ ಯುವಕ ಹೇಳಿದ. "ಹಾರ್ಮನಿ ಹಾಡ್ತಿದ್ದಾರೆ. ನೀವೆಲ್ಲ ಒಂದು ಸ್ವರದಲ್ಲಿದ್ದೀರಿ, ಅವರು ಅದಕ್ಕೆ ಹೊಂದುವ ಇನ್ನೊಂದು ಹಿಡಿದಿದ್ದಾರೆ."

"ಇದು ಭಜನೆ ಮಾರಾಯ, ಎಲ್ಲರೂ ಒಂದೇ ಹಾಡ್ಬೇಕು" ಎಂದರು ಟೀಚರ್.

ಹೊರಗೆ ಚಪ್ಪಲಿ ಹುಡುಕುತ್ತಿದ್ದ ಪ್ರೇಕ್ಷಾಳ ಬಳಿ ಅವನೇ ಬಂದ. ಹೆಸರು ಯತಿನ್. ಉಡುಪಿಯವನು, ಸಾನಪಾಡಾದ ಫ್ಲ್ಯಾಟಿನ ಒಂದು ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡ ಸೌಂಡ್ ಇಂಜಿನಿಯರ್.

"ನಾನು ಬೇಕಂತ ಮಾಡಿದ್ದಲ್ಲ" ಎಂದಳು.

"ಅದೇ ವಿಷಯ. ಬೇಕಂತ ಮಾಡೋರು ಸುಮಾರು ಜನ ಉಂಟು."

ಅವನ ನೋಟ ಅವಳ ಕಣ್ಣಿಗಿಂತ ಹೆಚ್ಚಾಗಿ ಕಿವಿಯ ಮೇಲೆ ನಿಂತಿತ್ತು. ಲೋಲಾಕು ಬಿದ್ದುಹೋಯಿತೇ ಎಂದು ಪ್ರೇಕ್ಷಾ ಮುಟ್ಟಿ ನೋಡಿಕೊಂಡಳು. ಅವನು ನಕ್ಕುಬಿಟ್ಟ.

ಅವನು ಕರೆದನೆಂದು ಮುಂದಿನ ಭಾನುವಾರ ಮಧ್ಯಾಹ್ನ ಠಾಣೆಯಲ್ಲಿ ಟ್ರೈನ್ ಬದಲಿಸಿ ಅವಳು ಸಾನಪಾಡಾಕ್ಕೆ ಹೋದಳು. ಯತಿನ್ ಹೆಡ್‌ಫೋನ್ ಕೊಟ್ಟು, ಅರುವತ್ತರ ದಶಕದ ಅಮೆರಿಕದ ಕಪ್ಪು ಗಾಯಕರ ಒಂದು ಹಾಡು ಹಾಕಿದ. "ಇದಕ್ಕೆ ಸೋಲ್ ಮ್ಯೂಸಿಕ್ ಅಂತಾರೆ. ಮುಂದೆ ಹಾಡೋನನ್ನು ಬಿಡಿ. ಹಿಂದೆ ಮೂವರು ಹೆಂಗಸರಿದ್ದಾರೆ, ಅವರನ್ನು ಕೇಳಿ."

ಮೊದಲ ಸಲ ಎಲ್ಲ ಒಂದೇ ಮುದ್ದೆಯಾಗಿ ಕೇಳಿಸಿತು. ಮೂರನೇ ಸಲ ಮುದ್ದೆ ಬಿಡಿಸಿಕೊಂಡಿತು. ಒಬ್ಬಳದು ತಳದಲ್ಲಿ ಬೆಚ್ಚಗೆ ಕೂತ ದನಿ. ಇನ್ನೊಬ್ಬಳು ನಡುವೆ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಮೂರನೆಯವಳು ಮೇಲೆ, ತಾಗಿಯೂ ತಾಗದಂತೆ. ಮುಂದಿದ್ದ ಗಂಡಸು ಯಾರನ್ನೋ ಬೇಡಿಕೊಳ್ಳುತ್ತಿದ್ದ. ಅವನ ದನಿ ಒಡೆದ ಕ್ಷಣದಲ್ಲಿ ಮೂವರೂ ಒಟ್ಟಿಗೆ ಎದ್ದು ಅವನನ್ನು ಎತ್ತಿಕೊಂಡರು.

ಪ್ರೇಕ್ಷಾಳ ಕಣ್ಣು ತುಂಬಿತು.

"ಅವನು ಬೀಳ್ತಾನೆ ಅಂತ ಅವರಿಗೆ ಮೊದಲೇ ಗೊತ್ತು, ಅಲ್ವಾ?" ಎಂದಳು.

ಯತಿನ್ ಅವಳನ್ನೇ ನೋಡುತ್ತ ಉಳಿದ. "ಇದನ್ನು ಇಷ್ಟು ವರ್ಷದಲ್ಲಿ ಯಾರೂ ನನಗೆ ಹೇಳಿರಲಿಲ್ಲ."

ಆ ಒಂದು ಮಾತಿನ ಬಲದ ಮೇಲೆ ಅವಳ ಎಂಟು ತಿಂಗಳ ಭಾನುವಾರಗಳು ಅಲ್ಲೇ ಕಳೆದವು. ಅಕ್ಕಪಕ್ಕ ಕೂತು ಕೇಳುವಾಗ ಒಳ್ಳೆಯ ಜಾಗ ಬಂದರೆ ಅವನು ಒಂದು ಬೆರಳೆತ್ತಿ, ಅವಳಿಗೆ ಕೇಳಿಸಿತೇ ಎಂದು ಓರೆಗಣ್ಣಿನಿಂದ ನೋಡುತ್ತಿದ್ದ. ಎಷ್ಟೋ ಸಲ ಅವಳಿಗೆ ಅದು ಮೊದಲೇ ಸಿಕ್ಕಿರುತ್ತಿತ್ತು. ಆದರೂ ಸಿಗದವಳಂತೆ ಕೂರುತ್ತಿದ್ದಳು, ಆ ಬೆರಳಿಗಾಗಿ, ಆ ನೋಟಕ್ಕಾಗಿ. 'ನೀವು' ಹೋಗಿ 'ನೀನು' ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ.

ನಡುವೆ ಕಲ್ಯಾಣದ ಯಶ್ವಂತ್ ಎಂಬ ಹುಡುಗನ ಸಂಬಂಧ ಬಂತು. ಒಳ್ಳೆಯ ಮನೆ. ಪ್ರೇಕ್ಷಾ ಬೇಡವೆಂದಳು.

"ಯಾರಿಗೋಸ್ಕರ ಬೇಡ?" ಅಮ್ಮ ವಿನೋದಾ ಕೇಳಿದರು.

"ಯಾರಿಗೋಸ್ಕರವೂ ಅಲ್ಲ."

"ಹಾಗಾದ್ರೆ ನಿನಗೆ ಬುದ್ಧಿ ಇಲ್ಲ" ಎಂದು ಅಮ್ಮ ಹದಿನೈದು ದಿನ ಮಾತು ಬಿಟ್ಟರು.

ಯತಿನ್‌ಗೆ ಇದನ್ನು ಹೇಳಿದಾಗ ಅವನು ಸ್ಕ್ರೀನಿನಿಂದ ಕಣ್ಣು ತೆಗೆಯದೆ, "ಒಳ್ಳೇದಾಯ್ತು. ಮದುವೆಯಾದ್ರೆ ಭಾನುವಾರ ನಿನ್ನನ್ನು ಯಾರು ಬಿಡ್ತಿದ್ರು?" ಎಂದ. ಪ್ರೇಕ್ಷಾ ಆ ಒಂದು ವಾಕ್ಯವನ್ನು ವಾರವಿಡೀ ಲೋಕಲ್ ಟ್ರೈನಿನಲ್ಲಿ ಮೆಲುಕು ಹಾಕಿದಳು.

ಜನವರಿಯಲ್ಲಿ ಅವನು ಒಂದು ಹಾಡು ಕಟ್ಟಿದ. ಮಾತು ಕನ್ನಡ, ನಡೆ ಆ ಹಳೆಯ ಸೋಲ್ ಹಾಡುಗಳದು.

"ಯಾರಿಗೆ ಬರೆದದ್ದು?"

"ಒಬ್ಬಳಿಗೆ" ಎಂದು ಅವನು ತಲೆ ತಗ್ಗಿಸಿದ. ಕಿವಿಯ ತುದಿ ಕೆಂಪಾಗಿತ್ತು.

ಹಿಂದಿನ ಮೂರೂ ದನಿಗಳನ್ನು ಅವಳಿಂದಲೇ ಒಂದೊಂದಾಗಿ ಹಾಡಿಸಿ ರೆಕಾರ್ಡ್ ಮಾಡಿದ. ತಳದ್ದು, ನಡುವಿನದು, ಮೇಲಿನದು. ಎಂದೂ ಹೇಳಲಾಗದ್ದನ್ನೆಲ್ಲ ಅವಳು ಆ ಮೂರರಲ್ಲಿ ಹಾಡಿ ಹೇಳಿದಳು. "ಮುಂದಿನ ದನಿ?" ಎಂದು ಕೇಳಿದರೆ, "ಮುಂದಿನ ವಾರ" ಎಂದ.

ಮುಂದಿನ ವಾರ ಅವಳ ಕುರ್ಚಿಯಲ್ಲಿ ಹಳದಿ ಚೂಡಿದಾರದ ಹುಡುಗಿಯೊಬ್ಬಳು ಕೂತಿದ್ದಳು.

"ನಿಶ್ಮಿತಾ. ಉಡುಪಿಯಲ್ಲಿ ಟೀಚರ್. ಬರುವ ತಿಂಗಳು ನಮ್ಮ ಎಂಗೇಜ್‌ಮೆಂಟ್" ಎಂದ ಯತಿನ್. "ಮುಂದಿನ ದನಿ ಇವಳದ್ದು."

"ಅಕ್ಕ, ನಿಮ್ಮ ಬಗ್ಗೆ ಎಷ್ಟು ಹೇಳ್ತಾರೆ ಗೊತ್ತುಂಟಾ!" ಹುಡುಗಿ ಎದ್ದು ಎರಡೂ ಕೈ ಹಿಡಿದುಕೊಂಡಳು.

ನಿಶ್ಮಿತಾ ಚಹಾ ಮಾಡಲು ಒಳಗೆ ಹೋದಾಗ ಯತಿನ್ ಮೆಲ್ಲಗೆ ಹೇಳಿದ. "ಅವಳಿಗೆ ಸ್ವರ ನಿಲ್ಲೋದಿಲ್ಲ. ಆದ್ರೆ ಎಂಗೇಜ್‌ಮೆಂಟ್‌ನಲ್ಲಿ ಎಲ್ಲರ ಎದುರು ಹಾಡ್ಬೇಕು ಅಂತ ಆಸೆ. ನೀನು ಹಿಂದೆ ಇದ್ರೆ ಯಾರಿಗೂ ಗೊತ್ತಾಗೋದಿಲ್ಲ. ಹಾಲ್‌ನಲ್ಲಿ ಪರದೆ ಹಿಂದೆ ನಿಂತು ಹಾಡ್ತೀಯಲ್ಲ?"

"ಹಾಡ್ತೇನೆ" ಎಂದಿತು ಅವಳ ಬಾಯಿ.

ಎಂಗೇಜ್‌ಮೆಂಟಿನ ದಿನ ಠಾಣೆಯ ಹಾಲ್, ಬೆಳಗ್ಗೆ ಹನ್ನೊಂದು ಗಂಟೆ, ಮುನ್ನೂರು ಜನ. ಪ್ರೇಕ್ಷಾ ಹೂವಿನ ಪರದೆಯ ಹಿಂದೆ, ಮಿಕ್ಸರ್ ಮುಂದಿದ್ದ ಯತಿನ್‌ನ ಪಕ್ಕದಲ್ಲಿ ನಿಂತಳು. ನಿಶ್ಮಿತಾ ಹಾಡತೊಡಗಿದಳು. ಸ್ವರ ಜಾರಿದಲ್ಲೆಲ್ಲ ಪ್ರೇಕ್ಷಾಳ ದನಿ ಕೆಳಗಿನಿಂದ ಎತ್ತಿ ಹಿಡಿಯಿತು. ಜನ ತಲೆದೂಗಿದರು.

ಎರಡನೇ ಚರಣದಲ್ಲಿ ಯತಿನ್ ಬೆರಳೆತ್ತಿದ. ಅವನ ಕಣ್ಣು ಪರದೆಯ ಸಂದಿನಿಂದ ನಿಶ್ಮಿತಾಳ ಮೇಲಿತ್ತು.

ಪ್ರೇಕ್ಷಾ ಬಾಯಿ ಮುಚ್ಚಿದಳು.

ಹಾಲಿನಲ್ಲಿ ಒಂಟಿ ದನಿ ಬೆತ್ತಲಾಗಿ ಉಳಿಯಿತು. ಸ್ವರ ಬಿತ್ತು, ಇನ್ನಷ್ಟು ಬಿತ್ತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಿಶ್ಮಿತಾ ಪರದೆಯ ಕಡೆ ತಿರುಗಿದಳು, ಕಣ್ಣಲ್ಲಿ ನೀರು. ಪ್ರೇಕ್ಷಾಳಿಗೆ ಒಳಗೊಳಗೇ ಸಿಹಿಯಾಯಿತು. ಅದು ಎರಡು ಕ್ಷಣವೂ ಉಳಿಯಲಿಲ್ಲ.

ಯತಿನ್ ಅವಳ ಕೈಯಿಂದ ಮೈಕ್ ಕಿತ್ತುಕೊಂಡು ಪರದೆ ಸರಿಸಿ ಹೋದ. ನಿಶ್ಮಿತಾಳ ಪಕ್ಕ ನಿಂತು ಹಾಡಿದ. ಪ್ರೇಕ್ಷಾ ಅವನ ಹಾಡು ಕೇಳಿದ್ದು ಅದೇ ಮೊದಲು. ಒರಟು ದನಿ, ಅರ್ಧ ಸ್ವರ ಕೆಳಗೆ, ಲಯವೂ ಇಲ್ಲ. ಮುನ್ನೂರು ಜನರ ಮುಂದೆ ತನ್ನ ಇಷ್ಟು ವರ್ಷದ ಹೆಸರನ್ನೆಲ್ಲ ಕೆಡಿಸಿಕೊಂಡು, ನಿಶ್ಮಿತಾಳ ತಪ್ಪಿಗೆ ತನ್ನ ತಪ್ಪು ಸೇರಿಸಿ, ಅವಳ ಮುಖವನ್ನೇ ನೋಡುತ್ತ ಅವನು ಹಾಡಿದ. ಜನ ನಕ್ಕರು, ಆಮೇಲೆ ಚಪ್ಪಾಳೆ ಹೊಡೆದರು. ನಿಶ್ಮಿತಾ ಅಳುತ್ತಲೇ ನಗತೊಡಗಿದಳು.

ಆ ಅಪಸ್ವರ ಮುಗಿಯುವವರೆಗೂ ಪ್ರೇಕ್ಷಾ ಪರದೆಯ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದೇ ನಿಂತಿದ್ದಳು.

ಊಟದ ಹೊತ್ತಿಗೆ ನಿಶ್ಮಿತಾ ಓಡಿ ಬಂದು ತಬ್ಬಿಕೊಂಡಳು. "ಅಕ್ಕ, ನಡುವೆ ಮೈಕ್ ಕೈಕೊಟ್ಟಿತಂತಲ್ಲ? ಪಾಪ, ನಿಮಗೆಷ್ಟು ಗಾಬರಿ ಆಯ್ತೇನೋ!"

ಮೈಕ್ ಕೈಕೊಟ್ಟಿತೆಂದು ಹೇಳಿದವನು ಹೊರಗೆ ಟೆಂಪೋಗೆ ಸ್ಪೀಕರ್ ಹೇರಿಸುತ್ತಿದ್ದ.

"ನಾನೇ ನಿಲ್ಲಿಸಿದ್ದು" ಎಂದಳು ಪ್ರೇಕ್ಷಾ, ಅವನ ಬಳಿ ಹೋಗಿ.

"ಗೊತ್ತು. ನೀನು ಉಸಿರು ತಪ್ಪೋಳಲ್ಲ."

"ಯಾಕೆ ಅಂತಲೂ ಗೊತ್ತಾ?"

ಅವನು ಸ್ಪೀಕರಿನ ಹಗ್ಗ ಬಿಗಿದ. ಆಮೇಲೆ, "ಎರಡನೇ ತಿಂಗಳಿಂದಲೇ ಗೊತ್ತಿತ್ತು" ಎಂದ.

"ನಿಶ್ಮಿತಾ ಆಗಲೇ ಇದ್ದಳಾ?"

"ಎರಡು ವರ್ಷದಿಂದ."

"ಯಶ್ವಂತ್‌ನನ್ನು ಬೇಡ ಅಂದಾಗಲಾದರೂ ಒಂದು ಮಾತು ಹೇಳಬಹುದಿತ್ತಲ್ಲ ಯತಿನ್?"

"ಹೇಳಿದ್ರೆ ನೀನು ಬರೋದು ನಿಲ್ಲಿಸ್ತಿದ್ದೆ." ಅವನು ನೆಲ ನೋಡಿದ. "ಅಂಥ ದನಿ ನನಗೆ ಇನ್ನೆಲ್ಲಿ ಸಿಗ್ತಿತ್ತು?"

ಅವಳು ಕಾದಳು. ಕ್ಷಮಿಸು ಎಂಬ ಮಾತು ಬರಲಿಲ್ಲ.

"ಒಂದು ಕೇಳ್ಲಾ?" ಎಂದ ಅವನು. "ಎಂಗೇಜ್‌ಮೆಂಟ್ ವಿಡಿಯೋಗೆ ಸ್ಟುಡಿಯೋದಲ್ಲಿ ಹಾಡಿದ್ದನ್ನು ಹಾಕ್ತೇನೆ. ನಿನ್ನ ಮೂರೂ ಟ್ರ್ಯಾಕ್. ಊರಲ್ಲಿ ನೋಡೋರಿಗೆ ಇವತ್ತಿನದ್ದು ಗೊತ್ತಾಗೋದು ಬೇಡ. ಹಾಕ್ಲಾ?"

ಪ್ರೇಕ್ಷಾ ಪರ್ಸಿನಿಂದ ಟ್ರೈನಿನ ಪಾಸ್ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

"ಹಾಕು" ಎಂದಳು. "ಅದರಲ್ಲಿ ಚೆನ್ನಾಗಿ ಹಾಡಿದ್ದೇನೆ."