ಗೂಡಿನ ಹಿಂದಿನ ಕೊನೆಯ ಮನೆ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಆ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿ ಬಂದಾಗ ಕಾಲಿನ ಕೆಸರು ಇನ್ನೂ ಹಸಿಯಾಗಿಯೇ ಇತ್ತು. ಬಾಗಿಲಲ್ಲಿದ್ದ ಗೋಣಿತಟ್ಟಿನ ಮೇಲೆ ಕಾಲು ಒರೆಸಿದಳು, ಮತ್ತೆ ಒರೆಸಿದಳು, ಅದು ಹೋಗುವ ಕೆಸರಲ್ಲ ಎಂದು ತಿಳಿದು ಹಾಗೇ ಒಳಗೆ ಬಂದಳು. ಉಡುಪಿನ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಕೂಡಿಸುವ ಕೆಲಸ ಅವಳದು. ಬೆರಳ ತುದಿಗಳೆಲ್ಲ ಸೂಜಿ ಚುಚ್ಚಿ ಗಟ್ಟಿಯಾಗಿದ್ದವು.

ಇನ್ಸ್‌ಪೆಕ್ಟರ್ ಮೇಡಂ ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

"ನಿನ್ನೆ ಅಣೆಕಟ್ಟೆ ಗೇಟು ತೆಗೆದ್ರಲ್ಲ ಮೇಡಂ, ನಮ್ಮಮ್ಮ ಹೋಗ್ಬಿಟ್ರು."

"ಗೊತ್ತಾಯ್ತಮ್ಮ. ವರದಿ ಬಂದಿದೆ. ಅಸ್ವಾಭಾವಿಕ ಸಾವು ಅಂತ ದಾಖಲಾಗಿದೆ."

"ನೀರು ಬಂದು ಹೋದ್ರು ಅಂತ ನಾನು ಹೇಳೋಕೆ ಬಂದಿಲ್ಲ. ನಾನು ಕಾರ್ಖಾನೇಲಿದ್ದೆ. ನೀರು ಬರೋದಕ್ಕೆ ಮುಂಚೆ ಎಚ್ಚರಿಕೆ ಗಾಡಿ ಬಂತು. ಬೀದೀಲಿದ್ದ ಒಂದೊಂದು ಮನೆಯನ್ನೂ ಖಾಲಿ ಮಾಡಿಸ್ತು. ನಡೆಯೋಕಾಗದವರನ್ನ ಎತ್ಕೊಂಡು ಹೋದ್ರಂತೆ. ನಮ್ಮನೆಗೆ ಮಾತ್ರ ಬರ್ಲಿಲ್ಲ. ಅಮ್ಮ ಸೊಂಟ ಮುರಿದು ಹಾಸಿಗೆ ಹಿಡಿದಿದ್ರು. ಯಾಕೆ ಬರ್ಲಿಲ್ಲ ಅಂತ ಕೇಳಿದ್ರೆ, ನಕ್ಷೇಲಿ ನಿಮ್ಮನೆ ಇಲ್ಲ ಅಂತಾರೆ."

"ದೂರು ಯಾರ ಮೇಲೆ?"

"ಅದು ಗೊತ್ತಿದ್ರೆ ಇಲ್ಲಿಗೆ ಯಾಕೆ ಬರ್ತಿದ್ದೆ? ನಮ್ಮನೇನ ನಕ್ಷೆಯಿಂದ ತೆಗೆದವನು ಯಾರೋ ಅವನ ಮೇಲೆ. ಅವನನ್ನ ಒಳಗೆ ಹಾಕಿ. ಅಷ್ಟಾದ್ರೆ ನನಗೆ ಸಾಕು."

ಮೂಲೆಯ ಮೇಜಿನಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ತಲೆಯೆತ್ತಿದ. ಅವನನ್ನು ಠಾಣೆಯಲ್ಲೆಲ್ಲ ಮೀಸೆ ಎಂದು ಕರೆಯುತ್ತಿದ್ದರು. ಹೆಂಡತಿಯ ಮಾತಿಗೆ ಕಟ್ಟುಬಿದ್ದು ಮೀಸೆ ಬೋಳಿಸಿ ಎಷ್ಟೋ ಕಾಲವಾಗಿತ್ತು. ಹೆಸರು ಮಾತ್ರ ಮುಖಕ್ಕೆ ಅಂಟಿಕೊಂಡೇ ಉಳಿದಿತ್ತು.

"ಬರ್ಕೊಳ್ರೀ ಮೀಸೆ," ಎಂದರು ಇನ್ಸ್‌ಪೆಕ್ಟರ್. ಎಫ್‌ಐಆರ್‌ನಲ್ಲಿ ಆರೋಪಿಯ ಹೆಸರಿನ ಜಾಗದಲ್ಲಿ 'ತಿಳಿದುಬಂದಿಲ್ಲ' ಎಂದು ಬಿತ್ತು. ಸಹಿ ಹಾಕುವ ಮುನ್ನ ಅವಳು ಒಮ್ಮೆ ಪೂರ್ತಿ ಓದಿಸಿ ಕೇಳಿದಳು.

ಅಂದೇ ಮಧ್ಯಾಹ್ನ ಪಂಚನಾಮೆ ನಡೆಯಿತು. ಹಾಳುಬಿದ್ದ ಇಟ್ಟಿಗೆ ಗೂಡಿನ ಹಿಂದೆ, ರಸ್ತೆಯಿಂದ ಕಾಣದ ಹಾಗೆ, ಆ ಮನೆ ಇತ್ತು. ಒಂದು ಕೋಣೆ, ಒಂದು ಅಡುಗೆ ಮೂಲೆ. ಪಕ್ಕದಲ್ಲಿ ಸೌದೆ ಹಾಕುವ ಒಂದು ಕೊಟ್ಟಿಗೆ. ಗೋಡೆಯ ಮೇಲೆ ನೀರಿನ ಗುರುತು ಕಿಟಕಿಯ ಅರ್ಧಕ್ಕೆ ಬಂದಿತ್ತು. ಮಂಚ ಗೋಡೆಗೆ ಅಡ್ಡಲಾಗಿ ನಿಂತಿತ್ತು. ಕೆಸರು ಸರಿಸಿ ನೋಡಿದರೆ ಕೆಳಗೆ ಕೈಯಿಂದ ಬಡಿದು ನಯ ಮಾಡಿದ ನೆಲ. ಅಂಚಿನಲ್ಲಿ ಬೆರಳ ಗುರುತು ಕೂಡ ಹಾಗೇ ಇತ್ತು.

ಪಂಚರಾಗಿ ಬಂದಿದ್ದ ನೆರೆಯವರು ನೆಲ ನೋಡುತ್ತ ನಿಂತಿದ್ದರು. ಒಬ್ಬ ಮುದುಕ ತಾನಾಗಿಯೇ ಬಾಯಿಬಿಟ್ಟ. "ನಮ್ಮನ್ನ ಗಾಡಿಗೆ ಹತ್ತಿಸ್ಕೊಂಡ್ರು. ಅಜ್ಜಿನೂ ಬೇರೆ ಗಾಡೀಲಿ ಹೋಗಿರ್ತಾರೆ ಅಂದ್ಕೊಂಡೆ. ಎಲ್ಲರೂ ಹಾಗೇ ಅಂದ್ಕೊಂಡ್ವಿ."

"ಅಜ್ಜಿ ಕೂಗಿದ್ದು ಕೇಳಿಸ್ಲಿಲ್ವಾ?" ಎಂದರು ಇನ್ಸ್‌ಪೆಕ್ಟರ್.

"ಆ ಮೈಕಿನ ಗಲಾಟೇಲಿ ಏನು ಕೇಳಿಸ್ತದಮ್ಮ?"

ಎಚ್ಚರಿಕೆ ಗಾಡಿಯ ಚಾಲಕ ನೀರಿನ ಇಲಾಖೆಯ ಶೆಡ್ಡಿನಲ್ಲಿ ಸಿಕ್ಕಿದ. ಕೇಳುವ ಮೊದಲೇ ನಕ್ಷೆಯ ಹಾಳೆ ತಂದು ಬಾನೆಟ್ಟಿನ ಮೇಲೆ ಹರಡಿದ. ಪ್ರವಾಹದ ಗೆರೆಯೊಳಗಿನ ಬೀದಿಗಳೆಲ್ಲ ಅದರಲ್ಲಿದ್ದವು. ವಾಸದ ಮನೆಗಳಿಗೆ ಕೆಂಪು ಚೌಕ, ಕೊಟ್ಟಿಗೆ, ಕಾರ್ಖಾನೆಗಳಿಗೆ ಬೂದು ಚೌಕ.

"ಕೆಂಪು ಕಂಡಲ್ಲೆಲ್ಲ ಇಳಿದು ಬಾಗಿಲು ಬಡಿಯೋದು, ಖಾಲಿ ಮಾಡಿಸಿ ಟಿಕ್ ಹಾಕೋದು. ಅಷ್ಟೇ ನಮ್ಮ ಕೆಲಸ. ನೋಡಿ, ಒಂದೂ ಬಿಟ್ಟಿಲ್ಲ."

ನಿಜ, ಒಂದೂ ಬಿಟ್ಟಿರಲಿಲ್ಲ. ಇನ್ಸ್‌ಪೆಕ್ಟರ್ ಇಟ್ಟಿಗೆ ಗೂಡಿನ ಮೇಲೆ ಬೆರಳಿಟ್ಟು ಹಿಂದಕ್ಕೆ ಸರಿಸಿದರು. ಅಲ್ಲೊಂದು ಬೂದು ಚೌಕ. ಅದರ ಪಕ್ಕ ಬರೀ ಬಿಳಿ.

"ಇದೇನು?"

"ಯಾವುದೋ ಕೊಟ್ಟಿಗೆ. ಸೌದೆಗೆ ಯಾರು ಎಚ್ಚರಿಕೆ ಕೊಡ್ತಾರೆ ಮೇಡಂ?" ಎಂದವನು ಅವರ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಆಮೇಲೆ ತನಗೇ ಎಂಬಂತೆ, "ನಾಲ್ಕು ಜನ ಇದ್ವಿ. ಮಂಚ ಸಮೇತ ಎತ್ತಬಹುದಿತ್ತು," ಎಂದ.

ನಕ್ಷೆ ಬಂದದ್ದು ಭೂಮಾಪನ ಕಚೇರಿಯಿಂದ. ಬುಧವಾರ ಬೆಳಿಗ್ಗೆ ಅಲ್ಲಿಗೆ ಹೋದರೆ ಮುಖ್ಯಸ್ಥರು ಬಾಗಿಲಿಗೇ ಬಂದು ಕರೆದುಕೊಂಡು ಹೋದರು. ಒಳ್ಳೆಯ ಮನುಷ್ಯ, ಮಾತಿಗೊಮ್ಮೆ ಕನ್ನಡಕ ಒರೆಸಿಕೊಳ್ಳುವವರು.

"ನಮ್ಮ ಹತ್ರ ಇರೋದು ವೆಕ್ಟರ್ ಡೇಟಾ ಮೇಡಂ. ಅದರಲ್ಲಿ ಮನೆ ಅಂದ್ರೆ ನಾಲ್ಕು ಮೂಲೆ, ಮೂಲೆಯಿಂದ ಮೂಲೆಗೆ ಗೆರೆ. ಎಷ್ಟು ಹಿಗ್ಗಿಸಿ ನೋಡಿದ್ರೂ ಮನೆ ಮನೆಯಾಗೇ ಇರುತ್ತೆ. ಅದನ್ನ ಚಿತ್ರ ಮಾಡಿದಾಗ ಹಾಗಲ್ಲ. ರಾಸ್ಟರ್ ಅಂತೀವಿ. ನೆಲದ ಮೇಲೆ ಬಲೆ ಹರಡಿದ ಹಾಗೆ ಚೌಕ ಚೌಕ, ಒಂದು ಚೌಕಕ್ಕೆ ಒಂದೇ ಬಣ್ಣ. ಸಣ್ಣ ಮನೆ ಆ ಬಲೆಯಲ್ಲಿ ಜಾರಿಹೋಗೋದುಂಟು. ಯಾರ ತಪ್ಪೂ ಅಲ್ಲ."

"ಡೇಟಾದಲ್ಲಿ ಆ ಮನೆ ಇದೆಯಾ?"

"ಇದೆ. ನಾನೇ ನೋಡಿದೆ."

"ಹಾಗಾದ್ರೆ ನೀರಿನ ಇಲಾಖೆಗೆ ಡೇಟಾನೇ ಯಾಕೆ ಕೊಡ್ಲಿಲ್ಲ?"

ಕನ್ನಡಕ ಮತ್ತೆ ಕೈಗೆ ಬಂತು. "ಅವರ ಕಂಪ್ಯೂಟರ್‌ನಲ್ಲಿ ಅದು ತೆರೆಯಲ್ಲ. ಚಿತ್ರ ಆದ್ರೆ ಯಾರು ಬೇಕಾದ್ರೂ ನೋಡಬಹುದು. ಪ್ರವಾಹದ ಗೆರೆಯೊಳಗಿನ ಮನೆಗಳನ್ನ ನೋಟಿಸ್ ಕೊಟ್ಟು ತೆರವು ಮಾಡೋಕೆ ಅಂತ ಹಿಂದೆ ಒಂದು ಚಿತ್ರ ಮಾಡಿಸಿದ್ವಿ. ಅವರು ಕೇಳಿದ್ರು, ಅದು ಕೈಗೆ ಸಿಕ್ತು, ಕೊಟ್ಟುಬಿಟ್ಟೆ. ಅದೇ ಬೀದಿ, ಅದೇ ಮನೆ ಅಲ್ವಾ?"

"ಮನೆ ಸಣ್ಣದು ಅಂತೀರಿ. ಪಕ್ಕದ ಕೊಟ್ಟಿಗೆ ಅದಕ್ಕಿಂತ ಸಣ್ಣದು. ಅದು ಯಾಕೆ ಜಾರಲಿಲ್ಲ?"

"ಅದು... ಚೌಕ ಬೀಳೋ ಜಾಗದ ಮೇಲೆ ಹೋಗುತ್ತೆ. ಅದೃಷ್ಟ."

"ಮತ್ತೊಂದು ಸಲ ಮಾಡಿ ತೋರಿಸಿ."

"ನನಗೆ ಬರಲ್ಲ ಮೇಡಂ. ಅದೆಲ್ಲ ಕಪ್ಪು ಕಿಟಕೀಲಿ ಕಮಾಂಡ್ ಬರೆದು ಮಾಡೋದು. ಬರೋದು ಒಬ್ಬನಿಗೇ. ಅವನು ರಜೆ. ಪಾಪ, ತೀರಿಕೊಂಡಿರೋದು ಅವನ ತಾಯೀನೇ."

ಮೀಸೆ ಬರೆಯುತ್ತಿದ್ದ ಪೆನ್ನು ನಿಂತಿತು. ದೂರು ಕೊಟ್ಟವಳು ಅಣ್ಣನ ಮಾತೇ ಎತ್ತಿರಲಿಲ್ಲ. ಎತ್ತುವ ಅಗತ್ಯ ಅವಳಿಗೆ ಕಂಡಿರಲಿಲ್ಲ.

"ಸೋಮವಾರ ಅವರು ಎಲ್ಲಿದ್ರು?"

"ಇಲ್ಲೇ, ನಮ್ಮ ಜೊತೇಲೇ. ಕಂಟ್ರೋಲ್ ರೂಮಿನವರು ಹೇಳೋದನ್ನ ಸ್ಪೀಕರ್‌ನಲ್ಲಿ ಕೇಳ್ತಾ ಇದ್ವಿ. ನಕ್ಷೇಲಿದ್ದ ಕೆಂಪು ಚೌಕ ಎಲ್ಲ ಖಾಲಿ ಅಂದ್ರು. ಎಲ್ಲರೂ ಉಸಿರು ಬಿಟ್ವಿ. ಚಹಾಕ್ಕೆ ಹೇಳಿದೆ. ಅವನೊಬ್ಬ ಎದ್ದವನೇ ಚಪ್ಪಲಿ ಕೂಡ ಮೆಟ್ಟದೆ ಓಡಿದ. ಕರುಳು ನೋಡಿ, ಹೇಗೆ ಗೊತ್ತಾಗಿಬಿಡುತ್ತೆ."

ಜೀಪಿಗೆ ಬಂದು ಕೂತ ಮೇಲೆ ಮೀಸೆ ಕೇಳಿದ. "ಮೇಡಂ, ಎಲ್ಲರೂ ಪಾರಾದ್ರು ಅಂತ ಹೇಳಿದಾಗ ಓಡೋ ಮನುಷ್ಯ ಯಾರು?"

ಇನ್ಸ್‌ಪೆಕ್ಟರ್ ಚಾಲಕನಿಂದ ತಂದಿದ್ದ ಹಾಳೆಯನ್ನು ಮಡಿಲಲ್ಲಿ ಬಿಡಿಸಿಕೊಂಡರು. ಈ ಕೇಸನ್ನು ಅಲ್ಲಿಗೇ ಬಿಟ್ಟುಬಿಡುವ ಒಂದು ದಾರಿಯನ್ನು ಮುಖ್ಯಸ್ಥರೇ ಹಾಸಿಕೊಟ್ಟಿದ್ದರು: ಸಣ್ಣ ಮನೆ, ಜಾರಿತು, ಯಾರ ತಪ್ಪೂ ಅಲ್ಲ. ಮೇಲಿನವರೂ ಒಪ್ಪುತ್ತಿದ್ದರು. ಆದರೆ ಪೂರ್ತಿ ಓದಿಸಿ ಕೇಳಿ ಸಹಿ ಹಾಕಿದ್ದಳಲ್ಲ, ಆ ಕೈ ಅವರ ಕಣ್ಣಿಗೆ ಕಟ್ಟಿತ್ತು.

ಗುರುವಾರ ಹನ್ನೊಂದಕ್ಕೆ ಅಣ್ಣ ಕಚೇರಿಗೆ ಬಂದ. ಕರೆಸಿದ್ದು ಯಾಕೆಂದು ಕೇಳಲಿಲ್ಲ. ಗಡ್ಡ ಬೆಳೆದ, ಸಣಕಲು ಮೈಯ ಮನುಷ್ಯ. ಅಂಗಿಯ ಕಾಲರ್ ಮಾತ್ರ ಅಚ್ಚುಕಟ್ಟಾಗಿತ್ತು, ಯಾರ ಹೊಲಿಗೆಯೆಂದು ಹೇಳಬೇಕಾಗಿರಲಿಲ್ಲ. ಪಕ್ಕದ ಕಚೇರಿಯ ಇಬ್ಬರನ್ನು ಪಂಚರಾಗಿ ಕೂರಿಸಲಾಯಿತು.

"ಆ ನಕ್ಷೆ ಹೇಗೆ ಮಾಡಿದಿರೋ ಹಾಗೇ ಮಾಡಿ ತೋರಿಸಿ," ಎಂದರು ಇನ್ಸ್‌ಪೆಕ್ಟರ್.

ಅವನು ಪರದೆಯ ಕಡೆ ತಿರುಗಿದ. ಕಪ್ಪು ಕಿಟಕಿ ತೆರೆಯಿತು. "ಎರಡು ಥರ ಮಾಡಬಹುದು ಮೇಡಂ. ಒಂದು, ಚೌಕದ ನಟ್ಟನಡುವಿನ ಚುಕ್ಕೆ ಮನೆಯೊಳಗೆ ಬಿದ್ರೆ ಮಾತ್ರ ಬಣ್ಣ. ಇನ್ನೊಂದು, ಮನೆಯ ಅಂಚು ಚೌಕಕ್ಕೆ ಸೋಕಿದ್ರೂ ಸಾಕು, ಬಣ್ಣ."

"ಎರಡನ್ನೂ ಮಾಡಿ."

ಒಂದು ಸಾಲು ಬರೆದು ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಚಿತ್ರ ಬಂತು. ಗೂಡಿನ ಹಿಂದೆ ಒಂದು ಕೆಂಪು ಚೌಕ ಇತ್ತು, ಕೊಟ್ಟಿಗೆ ಮಾಯವಾಗಿತ್ತು. ಸಾಲಿಗೆ ಒಂದು ಪದ ಸೇರಿಸಿ ಮತ್ತೆ ಒತ್ತಿದ. ಈಗ ಕೆಂಪೂ ಇತ್ತು, ಬೂದೂ ಇತ್ತು.

ಇನ್ಸ್‌ಪೆಕ್ಟರ್ ಚಾಲಕನ ಹಾಳೆಯನ್ನು ಪರದೆಯ ಪಕ್ಕಕ್ಕೆ ಹಿಡಿದರು. "ಇದರಲ್ಲಿ ಕೊಟ್ಟಿಗೆ ಇದೆ, ಮನೆ ಇಲ್ಲ. ನಿಮ್ಮ ಎರಡು ಥರದಲ್ಲೂ ಇದು ಬರಲಿಲ್ಲ."

"ಬರಲ್ಲ."

"ಮತ್ತೆ?"

ಮುಖ್ಯಸ್ಥರು, "ಏನೋ ಬಗ್ ಇರಬಹುದು ಮೇಡಂ, ಸಾಫ್ಟ್‌ವೇರ್ ಹಳೇದು..." ಎಂದು ಶುರುಮಾಡಿದರು. ಅಣ್ಣ ಅವರ ಕಡೆ ನೋಡಲಿಲ್ಲ.

"ಮೂರನೇದೊಂದು ಇದೆ," ಎಂದ. "ಪ್ರತಿ ಮನೆಗೂ ಡೇಟಾದಲ್ಲಿ ಒಂದು ನಂಬರ್ ಇರುತ್ತೆ. ಈ ನಂಬರಿನ ಮನೆ ಒಂದನ್ನ ಬಿಟ್ಟು ಮಿಕ್ಕಿದ್ದನ್ನೆಲ್ಲ ಬರಿ ಅಂತ ಕಮಾಂಡ್‌ನಲ್ಲೇ ಹೇಳಬಹುದು. ಡೇಟಾಕ್ಕೆ ಏನೂ ಆಗಲ್ಲ. ಮನೆ ಅಲ್ಲಿ ಹಾಗೇ ಇರುತ್ತೆ. ಚಿತ್ರದಲ್ಲಿ ಮಾತ್ರ ಇರಲ್ಲ."

ನಂಬರನ್ನು ಎಲ್ಲೂ ನೋಡದೆ ಬರೆದ. ಒತ್ತಿದ. ಪರದೆಯ ಮೇಲೆ ಬೂದು ಚೌಕ, ಅದರ ಪಕ್ಕ ಬಿಳಿ. ಹಾಳೆಗೂ ಪರದೆಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಪಂಚರಲ್ಲೊಬ್ಬ ಗಂಟಲು ಸರಿಮಾಡಿಕೊಂಡ.

"ಯಾಕೆ?" ಎಂದರು ಇನ್ಸ್‌ಪೆಕ್ಟರ್.

"ತೆರವು ಮಾಡೋ ಚಿತ್ರ ಅಂತ ಸಾಹೇಬ್ರು ಮಾಡೋಕೆ ಹೇಳಿದ್ರು. ಕೆಂಪು ಬಿದ್ದ ಮನೆಗೆಲ್ಲ ನೋಟಿಸ್ ಅಂತ. ನಮ್ಮಮ್ಮನ್ನ ಹೀಗೇ ಒಂದೊಂದು ಮನೆಯಿಂದ ಎಬ್ಬಿಸ್ತಾನೇ ಬಂದಿದಾರೆ ಮೇಡಂ. ಒಂದು ಸಲ ರಸ್ತೆ ಅಂದ್ರು, ಒಂದು ಸಲ ಕಾಲುವೆ ಅಂದ್ರು. ಈ ಮನೆ ನೆಲ ಅವರೇ ಬಡಿದು ಮಾಡಿದ್ದು. ಸೊಂಟ ಮುರಿದ ಮೇಲೆ ಅವರು ಕೇಳಿದ್ದು ಒಂದೇ. ಇನ್ನು ನನ್ನನ್ನ ಎಬ್ಬಿಸೋಕೆ ಬಿಡ್ಬೇಡ ಕಣೋ, ನೀನು ನಕ್ಷೆ ಆಫೀಸಲ್ಲಿ ಕೂತಿದೀಯಲ್ಲ ಅಂತ."

"ಆಮೇಲೆ?"

"ನೋಟಿಸ್ ಬರ್ಲಿಲ್ಲ. ಅಮ್ಮ ಖುಷಿಯಾಗಿದ್ರು."

"ಈ ಚಿತ್ರ ನೀರಿನವರಿಗೆ ಹೋಗಿದ್ದು ಗೊತ್ತಿತ್ತಾ?"

"ಇಲ್ಲ. ಅವರಿಗೆ ಡೇಟಾನೇ ಹೋಗಿರುತ್ತೆ ಅಂದ್ಕೊಂಡಿದ್ದೆ. ಸೋಮವಾರ ಸ್ಪೀಕರ್‌ನಲ್ಲಿ ಕೆಂಪು ಚೌಕ ಅಂದ್ರಲ್ಲ, ಆಗ ಗೊತ್ತಾಯ್ತು. ಡೇಟಾದಲ್ಲಿ ಚೌಕ ಇರಲ್ಲ ಮೇಡಂ. ಚೌಕ ಇರೋದು ನಾನು ಮಾಡಿದ್ರಲ್ಲಿ ಮಾತ್ರ." ಕೀಬೋರ್ಡನ್ನು ಹಿಂದಕ್ಕೆ ತಳ್ಳಿದ. "ಗೂಡಿನ ತನಕ ಹೋದೆ. ಅಲ್ಲಿಂದ ಮುಂದೆ ಎದೆಮಟ್ಟ ನೀರು. ನನಗೆ ಈಜು ಬರಲ್ಲ."

ಇನ್ಸ್‌ಪೆಕ್ಟರ್ ಹೊರಗೆ ಹೋಗಿ ಮೇಲಧಿಕಾರಿಗೆ ಫೋನ್ ಮಾಡಿದರು. ಯಾವುದಕ್ಕೋ ಮಾಡಿದ ಚಿತ್ರವನ್ನು ಯಾವುದಕ್ಕೋ ಕೊಟ್ಟವರಿದ್ದಾರೆ, ಕೇಳದೆ ತೆಗೆದುಕೊಂಡವರಿದ್ದಾರೆ ಎಂದರು. ಅವರದು ಇಲಾಖಾ ವಿಚಾರಣೆಗೆ ಬಿಡಿ, ನಿಮ್ಮ ಕೇಸು ಕಮಾಂಡ್ ಬರೆದವನ ಮೇಲೆ, ಎಂದಿತು ಆ ಕಡೆಯ ದನಿ. ಒಳಗೆ ಬಂದಾಗ ಅವನು ಕಂಪ್ಯೂಟರ್ ಆರಿಸಿ, ಕುರ್ಚಿಯನ್ನು ಮೇಜಿನ ಕೆಳಗೆ ದೂಡಿ ನಿಂತಿದ್ದ. ಸರ್ಕಾರಿ ದಾಖಲೆ ತಿದ್ದಿದ್ದು, ಅದರಿಂದ ಸಾವು ಸಂಭವಿಸಿದ್ದು ಎಂದು ಕಾರಣ ಹೇಳಿ ಮಧ್ಯಾಹ್ನ ಹನ್ನೆರಡೂವರೆಗೆ ಬಂಧಿಸಲಾಯಿತು. ಕೈಗೆ ಕೋಳ ಹಾಕಲು ಮೀಸೆಗೆ ಮನಸ್ಸು ಬರಲಿಲ್ಲ. ಭುಜ ಹಿಡಿದುಕೊಂಡೇ ಜೀಪಿಗೆ ನಡೆಸಿದ.

ಬಂಧನದ ವಿಷಯ ಮನೆಯವರಿಗೆ ತಿಳಿಸಬೇಕು. ಮನೆಯವರೆಂದರೆ ಅವಳೊಬ್ಬಳೇ. ಬಾ ಎಂದಷ್ಟೇ ಹೇಳಿ ಕಳಿಸಿದ್ದರು, ನಾಲ್ಕು ಗಂಟೆಗೆ ಠಾಣೆಗೆ ಬಂದಳು. ಲಾಕಪ್ಪಿನ ಕಂಬಿಯ ಹಿಂದೆ ಕೂತವನನ್ನು ನೋಡಿ, "ಅಣ್ಣ, ನೀನ್ಯಾಕೆ ಇಲ್ಲಿ?" ಎಂದಳು. ಅವನು ಗೋಡೆಯ ಕಡೆ ಮುಖ ಮಾಡಿದ.

ಇನ್ಸ್‌ಪೆಕ್ಟರ್ ಅವಳನ್ನು ಒಳಕೋಣೆಗೆ ಕರೆದು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವಳು ಈ ಸಲ ಕುರ್ಚಿಯಲ್ಲಿ ಕೂತಳು.

"ದೂರು ವಾಪಸ್ ತಗೊಳ್ತೀನಿ ಮೇಡಂ."

"ಆಗಲ್ಲಮ್ಮ."

"ಕೊಟ್ಟವಳು ನಾನೇ ಅಲ್ವಾ?"

"ಒಂದು ಸಲ ದಾಖಲಾದ ಮೇಲೆ ಅದು ನಿಮ್ಮದಲ್ಲ. ನನ್ನದೂ ಅಲ್ಲ."

"ಹಾಗಾದ್ರೆ ನನ್ನನ್ನೂ ಬರ್ಕೊಳ್ಳಿ. ಅಮ್ಮ ಒಬ್ಬರೇ ಕೇಳಿದ್ದಲ್ಲ. ನಾನೂ ಕೇಳಿದ್ದೆ. ಅಷ್ಟು ವರ್ಷದಿಂದ ಆ ಆಫೀಸಲ್ಲಿ ಇದೀಯ, ಹೆತ್ತ ತಾಯಿಗೆ ಇಷ್ಟು ಮಾಡೋಕೆ ಆಗಲ್ವಾ ಅಂತ ಚುಚ್ಚಿದ್ದೆ. ಊಟಕ್ಕೆ ಕೂತವನು ಎದ್ದು ಹೋಗಿದ್ದ."

"ಕೇಳಿದ್ದಕ್ಕೆ ಕಾನೂನಿನಲ್ಲಿ ಹಿಡಿಯೋಕೆ ಬರಲ್ಲ."

"ಹಿಡಿಯೋಕೆ ಬರಲ್ಲ ಅಂದ್ರೆ ನಾನೇನು ಮಾಡ್ಲಿ ಮೇಡಂ?"

ಮೀಸೆ ಒಂದು ಲೋಟ ನೀರು ತಂದಿಟ್ಟ. ಅವಳು ಅದನ್ನೇ ನೋಡುತ್ತ ಕೂತಳು, ಕುಡಿಯಲಿಲ್ಲ. ಹೊರಡುವಾಗ ಲಾಕಪ್ಪಿನ ಮುಂದೆ ನಿಂತು ಕಂಬಿಯೊಳಗೆ ಕೈ ತೂರಿಸಿದಳು. ಅಣ್ಣನ ಕಾಲರ್ ಒಂದು ಕಡೆ ಮಡಚಿಕೊಂಡಿತ್ತು, ಸರಿಮಾಡಿದಳು.

ತಿಂಗಳ ಕೊನೆಗೆ ದೋಷಾರೋಪ ಪಟ್ಟಿ ಸಿದ್ಧವಾಯಿತು. ಕೃತ್ಯದ ಉದ್ದೇಶ ಎಂಬಲ್ಲಿ ಮೀಸೆ ಖಾಲಿ ಬಿಟ್ಟಿದ್ದ. ನನ್ನ ಕೈಲಿ ಆಗಲ್ಲ ಮೇಡಂ, ನೀವೇ ಬರೀರಿ ಎಂದ. ಇನ್ಸ್‌ಪೆಕ್ಟರ್ ಪೆನ್ನು ತೆಗೆದುಕೊಂಡರು. ಬರೆದರು: ತಾಯಿ ಬದುಕಿರುವ ತನಕ ಆಕೆಯನ್ನು ಆ ಮನೆಯಿಂದ ಯಾರೂ ಎಬ್ಬಿಸಬಾರದೆಂದು.

ಬರೆದದ್ದನ್ನು ಓದಿಕೊಂಡರು. ತಿದ್ದುವಂಥದ್ದೇನೂ ಇರಲಿಲ್ಲ. ಸಹಿ ಹಾಕಿದರು.